ಕಬ್ಬಿನ ಬಿಲ್ಲು ಮತ್ತು ಎಥೆನಾಲ್ ಸಹಾಯಧನ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತು)



ಕಾಯಕದ ಬಗ್ಗೆ ನಾಲ್ಕು ಮಾತಾಡು ಎಂದು ಅಪ್ಪಗಳು ಅಪ್ಪಣೆ ಕೊಟ್ಟರು. ನಾನು ಪಂಡಿತನಲ್ಲ. ಘಟಪ್ರಭಾ ಕಾಲುವೆಯ ನೀರಿನ ಮೇಲೆ ಆರು ಎಕರೆ ಕಬ್ಬು ಬೆಳೆಯುವವನು. ಇಲ್ಲಿ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಬ್ಬಿನವರೇ. ನನ್ನ ಲೆಕ್ಕ ತಪ್ಪಿದರೆ ಇಲ್ಲೇ ತಿದ್ದಿರಿ.

ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವುದು ಕೇಂದ್ರ ಸರ್ಕಾರದ ಗುರಿಯಾಗಿತ್ತು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು 2025-26ಕ್ಕೇ ಮುಟ್ಟಬೇಕೆಂದು 2022ರಲ್ಲಿ ಬದಲಿಸಿದರು. ಅದಕ್ಕಾಗಿ ಡಿಸ್ಟಿಲರಿ ಕಟ್ಟುವವರ ಬ್ಯಾಂಕ್ ಸಾಲಕ್ಕೆ 2018ರಿಂದ ಬಡ್ಡಿ ನೆರವು ಬಂತು. ಶೇ. 6 ಅಥವಾ ಬಡ್ಡಿಯ ಅರ್ಧ, ಯಾವುದು ಕಡಿಮೆಯೋ ಅದನ್ನು ಐದು ವರ್ಷ ಸರ್ಕಾರವೇ ಭರಿಸುತ್ತದೆ. ಜಿಎಸ್‌ಟಿಯನ್ನು ಶೇ. 18ರಿಂದ 5ಕ್ಕೆ ಇಳಿಸಿದರು. ಖರೀದಿ ದರವನ್ನೂ ಸರ್ಕಾರವೇ ಗೊತ್ತುಮಾಡುತ್ತದೆ.

ಇದಕ್ಕೆಲ್ಲ ಹೇಳಿದ ಕಾರಣ ಒಳ್ಳೆಯದೇ. ಸಕ್ಕರೆ ಮಾರಿ ಹಣ ಬರಲು ತಿಂಗಳುಗಟ್ಟಲೆ ಬೇಕು; ಎಥೆನಾಲ್ ಹಣ ತೈಲ ಕಂಪನಿಗಳಿಂದ ಸುಮಾರು ಮೂರು ವಾರದಲ್ಲಿ ಬರುತ್ತದೆ; ಆಗ ರೈತನ ಬಾಕಿ ನಿಲ್ಲುವುದಿಲ್ಲ ಎಂದರು. ನಾನೂ ನಂಬಿದೆ.

ಆದರೆ ನಾನು ಕಬ್ಬು ಕಳಿಸಿದ ಕಾರ್ಖಾನೆ, ಹೆಸರು ಬೇಡ, ಬಿಲ್ಲು ಕೊಟ್ಟದ್ದು ಐದು ತಿಂಗಳಿಗೆ. ಅಲ್ಲಿಯೂ ಎಥೆನಾಲ್ ಘಟಕವಿದೆ. 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬಡ್ಡಿ ಕೇಳಿದರೆ ಅಲ್ಲಿಯ ಗುಮಾಸ್ತ ನಕ್ಕ. ಆ ಐದು ತಿಂಗಳಲ್ಲಿ ಮಗಳ ಕಾಲೇಜಿನ ಫೀಸಿಗೆ ಮನೆಯಾಕೆಯ ಪಾಟಲಿ ಒತ್ತೆ ಇಟ್ಟೆ. ಅವರ ಬಡ್ಡಿಗೆ ಸರ್ಕಾರದ ನೆರವಿದೆ. ನನ್ನ ಬಡ್ಡಿ ನಾನೇ ಕಟ್ಟಿದೆ.

ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ. 70 ಬೆಳೆಗಾರನಿಗೆ ಸೇರಬೇಕು ಎಂದು ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಗುರ್ಲಾಪುರದಲ್ಲಿ ಧರಣಿ ಕುಳಿತವರು ಕೇಳಿದ್ದೂ ಆ ಪಾಲನ್ನೇ ಎಂದು ನಾನು ತಿಳಿದಿದ್ದೇನೆ.

ಎಥೆನಾಲೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಾಕಂಬಿಯಿಂದ ಇಂಧನವಾದರೆ ಯಾರಿಗೆ ನಷ್ಟ? ಆದರೆ ಕಬ್ಬಿನ ಹಾಲನ್ನೇ ನೇರ ಎಥೆನಾಲ್ ಮಾಡಿದಾಗ ನಮ್ಮ ಕಡೆಯ ತಪ್ಪೂ ಕಾಣುತ್ತದೆ. ಕಬ್ಬಿನಿಂದ ಬಂದ ಒಂದು ಲೀಟರ್ ಎಥೆನಾಲಿನ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎಂದು ನೀತಿ ಆಯೋಗದ 2021ರ ವರದಿ ಲೆಕ್ಕ ಹಾಕಿದೆ. ನನ್ನ ಹೊಲ ಕಾಲುವೆಯ ತಲೆಯಲ್ಲಿದೆ. ಬಾಲದಲ್ಲಿರುವವನ ಜೋಳ ಒಣಗುವಾಗ ನಾನು ರಾತ್ರಿಯಿಡೀ ನೀರು ಹಾಯಿಸಿ ಮಲಗಿದ್ದೇನೆ. ಸಹಾಯಧನ ಕಾರ್ಖಾನೆಯವರಿಗಷ್ಟೇ ಎನ್ನುವ ನನಗೂ ಕಾಲುವೆ ನೀರು ಅಗ್ಗದಲ್ಲೇ ಸಿಕ್ಕಿದೆ.

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ತಿರುಗಿ ಸುರಿದು ಬರಲು ಕಳಿಸಿದ್ದು ನಮಗೆಲ್ಲ ಗೊತ್ತು. ಆ ಕಥೆ ಕೇಳಿ ತಲೆದೂಗುತ್ತೇವೆ. ಹೊಲಕ್ಕೆ ಹೋದಮೇಲೆ ಮರೆಯುತ್ತೇವೆ.

ಇನ್ನೊಂದು ಮಾತಿದೆ, ಅಪ್ಪಗಳು ಕ್ಷಮಿಸಬೇಕು. ಜಾತ್ರೆಯಲ್ಲಿ ಕಾರ್ಖಾನೆಯವರಿಗೆ ವೇದಿಕೆಯ ಮೇಲೆ ದೊಡ್ಡ ಕುರ್ಚಿ, ಶಾಲು, ಹಾರ. ದಾಸೋಹಕ್ಕೆ ಅವರು ಸಕ್ಕರೆ ಮೂಟೆ ಕೊಟ್ಟರೆ ನಾವು ಚಪ್ಪಾಳೆ ತಟ್ಟುತ್ತೇವೆ. ಬಾಕಿ ಉಳಿಸಿಕೊಂಡ ಕೈಯಿಂದ ಬಂದ ಮೂಟೆಯನ್ನು ದಾಸೋಹ ಎನ್ನಬಹುದೇ? ಮಠದಲ್ಲಿ ಈ ಪ್ರಶ್ನೆ ಯಾರೂ ಎತ್ತಿದ್ದು ನಾನು ಕೇಳಿಲ್ಲ. ನಾನೂ ಹತ್ತು ವರ್ಷ ಬಾಯಿ ಮುಚ್ಚಿಕೊಂಡೇ ಕೂತಿದ್ದೆ.

ಹೀಗಾಗಿ ಒಂದು ಠರಾವು ಮಾಡೋಣ. 14 ದಿನದಲ್ಲಿ ಬಿಲ್ಲು ಕೊಟ್ಟ ಕಾರ್ಖಾನೆಗೆ ಮಾತ್ರ ಬಡ್ಡಿ ನೆರವು ಸಿಗಲಿ, ಎಥೆನಾಲ್ ಆದಾಯದ ಲೆಕ್ಕ ರೈತರ ಮುಂದೆ ಬರಲಿ ಎಂದು ಸರ್ಕಾರಕ್ಕೆ ಬರೆಯೋಣ. ನನ್ನ ಮಟ್ಟಿಗೆ, ಎರಡು ಎಕರೆಗೆ ಈ ವರ್ಷ ಹನಿ ನೀರಾವರಿ ಹಾಕಿಸಿದ್ದೇನೆ. ಇನ್ನೆರಡು ಎಕರೆ ಜೋಳಕ್ಕೆ ಬಿಟ್ಟಿದ್ದೇನೆ.

ಮುಂದಿನ ಹುಣ್ಣಿಮೆಗೆ ನಿಮ್ಮ ನಿಮ್ಮ ಬಿಲ್ಲುಗಳನ್ನು, ಹಣ ಜಮಾ ಆದ ತಾರೀಖು ಬರೆದು ತನ್ನಿರಿ. ಕಾರ್ಖಾನೆಯ ಯಜಮಾನರನ್ನೂ ಕರೆಯೋಣ. ಅಂದು ಕುರ್ಚಿ ಹಾಕುವುದು ಬೇಡ, ನಮ್ಮ ಜೊತೆ ಜಮಖಾನದ ಮೇಲೆಯೇ ಕೂಡಲಿ.