ಕಟ್ಟುವ ಕೈ, ಕೆಡಹುವ ಕೈ



ಕನ್ನಡದಲ್ಲಿ ‘ಕಟ್ಟು’ ಎಂಬ ಧಾತುವಿಗೆ ಇರುವಷ್ಟು ಕೆಲಸ ಬೇರೆ ಯಾವ ಧಾತುವಿಗೂ ಇರಲಾರದೇನೋ. ಮನೆಯನ್ನು ಕಟ್ಟುತ್ತೇವೆ, ಕೆರೆಯನ್ನು ಕಟ್ಟುತ್ತೇವೆ. ಹೂವನ್ನು, ಬುತ್ತಿಯನ್ನು, ಹಸುವನ್ನು ಕಟ್ಟುತ್ತೇವೆ. ಹಾಡು ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ನಾಡನ್ನೂ ಕಟ್ಟುತ್ತೇವೆ. ಬಿಡಿಬಿಡಿಯಾಗಿದ್ದುದನ್ನು ಒಂದು ಮಾಡುವ ಕೆಲಸವೆಲ್ಲವೂ ನಮ್ಮ ಹಿರಿಯರಿಗೆ ಒಂದೇ ಮಾತಾಗಿ ತೋರಿತ್ತು. ಇಂದು ನಾನು ತಮ್ಮ ಮುಂದೆ ಹೇಳಹೊರಟಿರುವುದು ಈ ಧಾತುವಿನ ಸುತ್ತಲೇ ಹೆಣೆದುಕೊಂಡಿರುವ ಒಂದು ಆಟದ ವಿಷಯ. ಅದು ಚೆಂಡಿನ ಆಟವೂ ಅಲ್ಲ, ಚೌಕಾಬಾರವೂ ಅಲ್ಲ. ಪರದೆಯ ಮೇಲೆ ಆಡುವ ವಿಡಿಯೋ ಆಟ. ಜಪಾನ್ ದೇಶದಲ್ಲಿ ಹುಟ್ಟಿ, ನಮ್ಮ ದಾವಣಗೆರೆಯ ಕೆಲವು ಮನೆಗಳಿಗೂ ಬಂದು ಸೇರಿರುವ ಇದರ ಹೆಸರು ‘ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್ 2’.

ಇದರ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಯೂಜಿ ಹೋರಿಯಿ ಎಂಬುವರು ಕಲ್ಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟ ಜಪಾನಿನಲ್ಲಿ 1986ರಲ್ಲಿ ಬಂದಿತು. ಅದರ ಎರಡನೆಯ ಕಥೆ 1987ರಲ್ಲಿ. ವೀರನೊಬ್ಬ ದುಷ್ಟಶಕ್ತಿಯನ್ನು ಅರಸಿಕೊಂಡು ಹೊರಟು ಕೊನೆಗೆ ಅದನ್ನು ಗೆಲ್ಲುವ ಕಥೆಗಳು ಅವು. ಇತ್ತ ಸ್ವೀಡನ್ನಿನಲ್ಲಿ ರೂಪುಗೊಂಡು 2011ರಲ್ಲಿ ಪೂರ್ಣವಾಗಿ ಹೊರಬಂದ ‘ಮೈನ್‌ಕ್ರಾಫ್ಟ್’ ಎಂಬ ಆಟ, ಚೌಕಾಕಾರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಬೇಕಾದುದನ್ನು ಕಟ್ಟುವ ರುಚಿಯನ್ನು ಲೋಕದ ಮಕ್ಕಳಿಗೆಲ್ಲ ಹತ್ತಿಸಿತು. ಕಥೆಯನ್ನೂ ಕಟ್ಟುವಿಕೆಯನ್ನೂ ಒಂದುಗೂಡಿಸಿ ಜಪಾನಿನವರು 2016ರಲ್ಲಿ ‘ಬಿಲ್ಡರ್ಸ್’ ಎಂಬ ಆಟವನ್ನು ತಂದರು. ಅದರ ಮುಂದಿನ ಭಾಗವೇ ನಾನು ಹೇಳುತ್ತಿರುವುದು. ಜಪಾನಿನಲ್ಲಿ ಅದು 2018ರ ಡಿಸೆಂಬರಿನಲ್ಲಿ, ಉಳಿದ ದೇಶಗಳಲ್ಲಿ 2019ರ ಜುಲೈನಲ್ಲಿ ಪ್ರಕಟವಾಯಿತು.

ಇಂಥವನ್ನು ‘ಪಾತ್ರ ವಹಿಸುವ ಆಟ’ ಎನ್ನುತ್ತಾರೆ. ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಕಷ್ಟವೇನೂ ಅಲ್ಲ. ಚಿಂದೋಡಿ ವೀರಪ್ಪನವರ, ಅನಂತರ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯನ್ನು ಕಂಡ ಊರು ನಮ್ಮದು. ನಾಟಕವನ್ನು ನೋಡಲು ಬಂದ ಪ್ರೇಕ್ಷಕನೇ ರಂಗವನ್ನೇರಿ, ಬಣ್ಣ ಹಚ್ಚಿಕೊಂಡು, ಕಥಾನಾಯಕನಾಗಿ ಆ ರಾತ್ರಿಯ ನಾಟಕವನ್ನು ನಡೆಸಿಕೊಟ್ಟರೆ ಹೇಗಿದ್ದೀತೋ ಹಾಗೆ ಈ ಆಟ. ಮಾತು ಬೇರೆಯವರು ಬರೆದದ್ದು, ಹೆಜ್ಜೆ ಮಾತ್ರ ನಮ್ಮದು.

ಇನ್ನು ಕಥೆ. ಹಾರ್ಗನ್ ಎಂಬ ದುಷ್ಟ ಪುರೋಹಿತನ ಅನುಯಾಯಿಗಳು ಲೋಕವನ್ನು ಆಳುತ್ತಿದ್ದಾರೆ. ಅವರ ಮತದಲ್ಲಿ ಕೆಡಹುವುದೇ ಮೋಕ್ಷ, ಕಟ್ಟುವುದು ಪಾಪ. ಕಟ್ಟಬಲ್ಲವರನ್ನು ಅವರು ಹಿಡಿದೊಯ್ಯುತ್ತಾರೆ. ಹೀಗೆ ಬಂಧಿಯಾಗಿದ್ದ ಒಬ್ಬ ಎಳೆಯ ಕಟ್ಟಾಳು, ಹಡಗು ಒಡೆದು, ಬರಿದಾದ ಒಂದು ದ್ವೀಪವನ್ನು ಸೇರುತ್ತಾನೆ. ಅಲ್ಲಿ ಅವನಿಗೆ ಒಬ್ಬ ಗೆಳೆಯ ಸಿಕ್ಕುತ್ತಾನೆ, ಹೆಸರು ಮಾಲ್‌ರಾತ್. ತಾನು ಯಾರೆಂಬುದೇ ಅವನಿಗೆ ನೆನಪಿಲ್ಲ. ಅವನ ಬಲ ಅಪಾರ. ಬಂಡೆಯನ್ನು ಒಡೆಯಬಲ್ಲ, ಮರವನ್ನು ಉರುಳಿಸಬಲ್ಲ. ಆದರೆ ಏನನ್ನೂ ಕಟ್ಟಲಾರ. ಕಟ್ಟಲು ಕೈಯಿಟ್ಟರೆ ಕೆಲಸ ಕೂಡಿಬಾರದು. 1987ರ ಹಳೆಯ ಆಟವನ್ನು ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಮೈ ಜುಮ್ಮೆನ್ನುತ್ತದೆ; ಏಕೆಂದರೆ ಅಲ್ಲಿ ಮಾಲ್‌ರಾತ್ ಎಂದರೆ ಸಂಹಾರದ ದೇವತೆ. ಇಲ್ಲಿ ಅವನು ನಮ್ಮ ಪಕ್ಕದಲ್ಲೇ ನಡೆಯುತ್ತಾನೆ, ನಮಗಾಗಿ ಕಲ್ಲು ಒಡೆದು ಕೊಡುತ್ತಾನೆ.

ಈ ಆಟವನ್ನು ಆಡಿ ಮುಗಿಸಿದ ಮೂವರ ಅಭಿಪ್ರಾಯಗಳನ್ನು ನಾನು ಕೇಳಿ ತಿಳಿದೆ. ಮೊದಲನೆಯವಳು ನನ್ನ ಮೊಮ್ಮಗಳು, ಹದಿಮೂರು ವರ್ಷದವಳು. ಹಿಂದಿನ ಆಟಕ್ಕಿಂತ ಇದು ಹೇಗೆ ಮೇಲು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: “ಅಜ್ಜಾ, ಅದರಲ್ಲಿ ಒಂದು ಊರು ಕಟ್ಟಿ ಮುಗಿಸೋ ಹೊತ್ತಿಗೆ ಎಲ್ಲಾ ಬಿಟ್ಟು ಹೊರಡಬೇಕಿತ್ತು. ಇದರಲ್ಲಿ ನಂದು ಅಂತ ಒಂದು ದ್ವೀಪ ಇದೆ. ಎಲ್ಲಿಗೆ ಹೋದ್ರೂ ತಿರುಗಿ ಅಲ್ಲಿಗೇ ಬರ್ತೀನಿ.” ಮಗುವಿನ ಈ ಮಾತು ವಿಮರ್ಶೆಯ ಮಾತೇ ಸರಿ. ಮೊದಲ ಆಟದಲ್ಲಿ ಪ್ರತಿ ಅಧ್ಯಾಯದ ಕೊನೆಗೆ ಕಟ್ಟಿದ್ದೆಲ್ಲ ಹಿಂದುಳಿಯುತ್ತಿತ್ತು. ಮುಂದಿನ ಅಧ್ಯಾಯ ಬರಿಗೈಯಲ್ಲಿ ಆರಂಭವಾಗುತ್ತಿತ್ತು. ನಾಟಕ ಕಂಪನಿಯವರು ಒಂದೂರಿನಲ್ಲಿ ಥಿಯೇಟರು ಎಬ್ಬಿಸಿ, ಜನ ಕಡಿಮೆಯಾಗುತ್ತಲೇ ತಗಡು, ಗಳುಗಳನ್ನು ಬಿಚ್ಚಿ ಮುಂದಿನ ಕ್ಯಾಂಪಿಗೆ ಹೊರಡುತ್ತಿದ್ದರಲ್ಲ, ಅದೇ ಬಗೆ. ಎರಡನೆಯ ಆಟ ಕ್ಯಾಂಪನ್ನು ಊರಾಗಿಸಿತು. ಬೇರೆ ದ್ವೀಪಗಳಿಗೆ ಹೋಗಿ ದುಡಿದು, ಅಲ್ಲಿಯ ಕೆಲವು ಜನರನ್ನೂ ಕರೆದುಕೊಂಡು, ತನ್ನ ನೆಲೆಗೆ ಮರಳುವುದು ಇಲ್ಲಿನ ಕ್ರಮ.

ಎರಡನೆಯವನು ನನ್ನ ಹಳೆಯ ವಿದ್ಯಾರ್ಥಿ; ಹರಿಹರದಲ್ಲಿ ಕನ್ನಡ ಅಧ್ಯಾಪಕ. ಅವನು ದೋಷಗಳ ಪಟ್ಟಿಯನ್ನೇ ಕೊಟ್ಟ. ಆರಂಭ ಬಹಳ ನಿಧಾನ. ಪ್ರತಿಯೊಂದು ಕೆಲಸವನ್ನೂ ಪಾಠ ಒಪ್ಪಿಸುವಂತೆ ಹೇಳಿಕೊಡುತ್ತಾರೆ. ಪಾತ್ರಗಳು ವಾಚಾಳಿಗಳು. ನಡುವೆ ಕಥಾನಾಯಕನನ್ನು ಒಂದು ಸೆರೆಮನೆಯ ದ್ವೀಪಕ್ಕೆ ತಳ್ಳಿ, ಕಟ್ಟುವ ಸ್ವಾತಂತ್ರ್ಯವನ್ನೇ ಕಸಿದುಕೊಳ್ಳುವ ಭಾಗವಂತೂ ಆಡುವವರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ನಾಲ್ವರು ಕೂಡಿ ಕಟ್ಟುವ ಅನುಕೂಲವಿದೆ. ಆದರೆ ಅದು ಸ್ವಂತ ದ್ವೀಪದಲ್ಲಿ ಮಾತ್ರ, ಕಥೆಯ ಉದ್ದಕ್ಕೂ ಇಲ್ಲ. ಇಷ್ಟನ್ನು ಹೇಳಿ, “ಆದರೂ ಸರ್, ಇದರಲ್ಲಿ ಒಂದು ವಿಶೇಷ ಇದೆ. ನಾವು ಕಟ್ಟಿದ ಮನೆಯಲ್ಲಿ ಜನ ಬಂದು ಮಲಗುತ್ತಾರೆ, ಅಡಿಗೆಮನೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಾರೆ. ಒಂದು ಹೊಲಕ್ಕೆ ಬೇಲಿ ಹಾಕಿ ಬೆದರುಬೊಂಬೆ ನಿಲ್ಲಿಸಿದರೆ ಅವರೇ ಬಂದು ಉಳುತ್ತಾರೆ. ದೊಡ್ಡ ಕಟ್ಟಡವಾದರೆ ನಕ್ಷೆ ಇಟ್ಟು ಸಾಮಗ್ರಿ ಒದಗಿಸಿದರೆ ಸಾಕು, ಊರೇ ಕೈಗೂಡಿಸುತ್ತದೆ” ಎಂದ. ಕಟ್ಟಡಕ್ಕಿಂತ ಅದರಲ್ಲಿ ಬಾಳುವ ಜನ ಅವನಿಗೆ ಮುಖ್ಯವಾಗಿ ಕಂಡಿದ್ದರು. ಸ್ಥಾವರ, ಜಂಗಮ ಎಂಬ ವಿವೇಚನೆಯನ್ನು ಹನ್ನೆರಡನೆಯ ಶತಮಾನದಲ್ಲೇ ಮಾಡಿದ ನಾಡಿನ ಅಧ್ಯಾಪಕನಿಗೆ ಅದು ಕಾಣದೆ ಇರುವುದುಂಟೆ?

ಮೂರನೆಯವನ ಮಾತು ನನ್ನನ್ನು ಹೆಚ್ಚು ಕಾಲ ಕಾಡಿತು. ಅವನ ತಂದೆ ನಮ್ಮ ಊರಿನ ಒಂದು ಹತ್ತಿಗಿರಣಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನು ತಾವು ಬಲ್ಲಿರಿ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವನ್ನೂ ಬಲ್ಲಿರಿ. ಈ ತರುಣ ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. ಆಟದ ಎರಡನೆಯ ದ್ವೀಪದ ಹೆಸರು ಕ್ರಂಬಲ್ ಡನ್. ಅದು ಗಣಿಗಾರರ ಊರು. ಅಗೆಯುವುದು ನಿಷಿದ್ಧವಾದ್ದರಿಂದ ಗಣಿ ಮುಚ್ಚಿದೆ. ಬಲಿಷ್ಠರಾದ ಗಂಡಸರು ಕೆಲಸವಿಲ್ಲದೆ, ಉತ್ಸಾಹವಿಲ್ಲದೆ ಕುಳಿತಿದ್ದಾರೆ. ಕಥಾನಾಯಕ ಹೋಗಿ ಅವರಿಗೆ ಸೇರಲು, ಕುಡಿಯಲು, ಹಾಡಿ ಕುಣಿಯಲು ಒಂದು ತಾಣವನ್ನು ಕಟ್ಟಿಕೊಡುತ್ತಾನೆ. ಅವರು ಮತ್ತೆ ಗುದ್ದಲಿ ಹಿಡಿಯುತ್ತಾರೆ. ತಾಮ್ರ, ಬೆಳ್ಳಿ, ಚಿನ್ನ ಹೊರಬರುತ್ತವೆ. “ಅಲ್ಲಿ ಕೂತಿರೋ ಆ ಜನಾನ್ನ ನೋಡಿದಾಗ ಆಟ ನಿಲ್ಲಿಸಿಬಿಟ್ಟೆ ಮೇಷ್ಟ್ರೇ” ಎಂದ ಅವನು. “ನಮ್ಮಪ್ಪ ಗಿರಣಿ ಮುಚ್ಚಿದ ಮೇಲೆ ಕಟ್ಟೆ ಮೇಲೆ ಹಂಗೇ ಕೂರ್ತಿದ್ರು. ಸುಮ್ನೆ ಕೂತಾಗಲೂ ಅವರ ಬೆರಳು ಎಳೆ ಗಂಟು ಹಾಕೋ ಹಂಗೆ ಆಡ್ತಿತ್ತು. ಆಟದೊಳಗೆ ಎರಡು ದಿನದಲ್ಲಿ ಗಣಿ ತೆರೀತು. ನನಗೆ ಸಂತೋಷನೂ ಆಯ್ತು, ಸಿಟ್ಟೂ ಬಂತು.”

ಸಂತೋಷವೂ ಸಿಟ್ಟೂ ಒಟ್ಟಿಗೆ ಬರುವುದು ಹೇಗೆ? ಸುಖಾಂತವಾದ ಕಥೆಯನ್ನು ಕಷ್ಟಪಟ್ಟವರು ಓದುವಾಗ ಹೀಗಾಗುತ್ತದೆ. ಕಥೆಯಲ್ಲಿ ಕೂಡಿಬಂದದ್ದು ಬಾಳಿನಲ್ಲಿ ಕೂಡಿಬರಲಿಲ್ಲವಲ್ಲ ಎಂಬ ನೋವು ಅದು. ಆಟ ಗಿರಣಿಯನ್ನು ತೆರೆಸಲಾರದು, ಕಾವ್ಯವೂ ತೆರೆಸಲಾರದು. ಆದರೆ ಕೈಗೆ ಕೆಲಸವಿಲ್ಲದ ಮನುಷ್ಯನ ಬಾಳು ಎಂಥದೆಂಬುದನ್ನು ಜಪಾನಿನ ಒಬ್ಬ ಕಥೆಗಾರ ಕಂಡಿದ್ದನಲ್ಲ, ಅದನ್ನು ದಾವಣಗೆರೆಯ ಒಬ್ಬ ತರುಣ ಗುರುತಿಸಿದನಲ್ಲ! ಅವನ ತಂದೆ ಈಗ ಇಲ್ಲ. ತಂದೆ ಕಟ್ಟೆಯ ಮೇಲೆ ಕುಳಿತಿದ್ದ ವರ್ಷಗಳನ್ನು ಕುರಿತು ಅವನು ಯಾರ ಮುಂದಾದರೂ ಬಾಯಿಬಿಟ್ಟದ್ದು ಅದೇ ಮೊದಲೆಂದು ಹೇಳಿದ.

ಈಗ ಕಟ್ಟುವವ, ಕೆಡಹುವವ ಎಂಬ ಜೋಡಿಯ ವಿಚಾರಕ್ಕೆ ಬರುತ್ತೇನೆ. ಕಟ್ಟುವುದು ಒಳ್ಳೆಯದು, ಕೆಡಹುವುದು ಕೆಟ್ಟದ್ದು ಎಂದು ಹೇಳಿ ಮುಗಿಸಿದ್ದರೆ ಈ ಕಥೆ ನೀತಿಪಾಠವಾಗುತ್ತಿತ್ತು. ಆಟದ ಯಾಂತ್ರಿಕ ನಿಯಮವೇ ಅದಕ್ಕೆ ಎಡೆಗೊಡುವುದಿಲ್ಲ: ಗುಡ್ಡವನ್ನು ಒಡೆಯದೆ ಕಲ್ಲಿಲ್ಲ, ಮರವನ್ನು ಕಡಿಯದೆ ತೊಲೆಯಿಲ್ಲ. ಮೂರನೆಯ ದ್ವೀಪವಾದ ಮೂನ್‌ಬ್ರೂಕ್‌ನಲ್ಲಿ ಒಂದು ಕೋಟೆಗೆ ಮುತ್ತಿಗೆ ಬಿದ್ದಿದೆ; ಅಲ್ಲಿ ಕಟ್ಟುವುದೆಲ್ಲ ಯುದ್ಧಕ್ಕಾಗಿ. ಕಥಾನಾಯಕ ಒಂದು ಸೆರೆಮನೆಯನ್ನೂ ಕಟ್ಟುತ್ತಾನೆ. ಗೆಳೆಯನ ಮೇಲೆ ಜನರಿಗೆ ಸಂಶಯ ಬರುತ್ತದೆ. ಅದೇ ಸೆರೆಮನೆಯಲ್ಲಿ ಮಾಲ್‌ರಾತ್ ಬಂಧಿಯಾಗುತ್ತಾನೆ. ಕಟ್ಟಿದ ಕೈಯೇ ಇಲ್ಲಿ ಕೇಡಿಗೆ ಕಾರಣವಾಯಿತು. ಮುಂದಿನ ಕಥೆಯ ಭಾರವೆಲ್ಲ ಆ ಕಳೆದುಹೋದ ಸ್ನೇಹವನ್ನು ಮರಳಿ ಪಡೆಯುವುದರ ಮೇಲೆ ನಿಂತಿದೆ. ಸಂಹಾರಶಕ್ತಿಯನ್ನು ಗೆಳೆಯನಾಗಿ ಉಳಿಸಿಕೊಳ್ಳದೆ ಲೋಕ ನಿಲ್ಲದು ಎಂಬುದು ಅಲ್ಲಿನ ದರ್ಶನ.

ಈ ದರ್ಶನ ನಮಗೆ ಹೊಸದಲ್ಲ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ತಡಿಯಲ್ಲಿ, ಅದು ಕಲ್ಲಾಗಿ ನಿಂತಿದೆ. ಹರಿಹರೇಶ್ವರನ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಕಾಯುವವನೂ ಲಯ ಮಾಡುವವನೂ ಒಂದೇ ಒಡಲು. ಗುಹಾಸುರನನ್ನು ಹರಿಯೊಬ್ಬನೇ ಕೊಲ್ಲಲಾರ, ಹರನೊಬ್ಬನೇ ಕೊಲ್ಲಲಾರ. ಇಬ್ಬರೂ ಒಂದಾಗಿ ಬಂದರೆಂದು ಸ್ಥಳಪುರಾಣ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಈ ಗುಡಿಯನ್ನು ಕಟ್ಟಿಸಿದ್ದು 1224ರ ಸುಮಾರಿನಲ್ಲಿ. ಮೂರನೆಯ ನರಸಿಂಹನ ಕಾಲದಲ್ಲಿ, 1268ರಲ್ಲಿ, ಸೋಮ ದಂಡನಾಯಕ ಅದಕ್ಕೆ ಇನ್ನಷ್ಟು ಸೇರಿಸಿದ. ಗರ್ಭಗುಡಿಯ ಮೇಲಿನ ಮೂಲ ಶಿಖರ ಉಳಿದಿಲ್ಲ, ಈಗಿರುವುದು ಈಚಿನದು. ಎಂಟು ನೂರು ವರ್ಷಗಳಲ್ಲಿ ಕಟ್ಟುವ ಕೈಯೂ ಕೆಡಹುವ ಕೈಯೂ ಆ ಗುಡಿಯ ಮೇಲೆ ಆಡಿವೆ.

ಅಲ್ಲಿಯ ಮಂಟಪದ ದುಂಡು ಕಂಬಗಳನ್ನು ತಾವು ಗಮನಿಸಿರಬಹುದು. ಹೊಯ್ಸಳರ ಶಿಲ್ಪಿಗಳು ಕಲ್ಲನ್ನು ತಿರುಗಿಸುತ್ತ ಕಡೆದು ಇಂಥ ಕಂಬಗಳಿಗೆ ಉರುಟನ್ನೂ ನುಣುಪನ್ನೂ ತಂದರು. ತಿರುಗಿಸಿ ಕಡೆಯುವ ಆ ಯಂತ್ರಕ್ಕೆ ಇಂದು ನಾವು ಲೇತ್ ಎನ್ನುತ್ತೇವೆ. ಅದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ಲೇತ್ ಯಂತ್ರಗಳಿಂದ ಊರಿಗೆ ಹೆಸರು ತಂದಿತು. ಆ ಕಾರ್ಖಾನೆಯ ಸದ್ದು ಈಗ ಅಡಗಿದೆ. ಕಂಬಗಳು ಇನ್ನೂ ಮಂಟಪವನ್ನು ಹೊತ್ತು ನಿಂತಿವೆ.

ಈ ಆಟದಲ್ಲಿ ಕನ್ನಡದ ಮಾತಿಲ್ಲ. ನನ್ನ ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಆಡಿ, ನನಗೆ ಕನ್ನಡದಲ್ಲಿ ಹೇಳಿದಳು. ಹೇಳುವಾಗ ಪ್ರತಿ ವಾಕ್ಯದಲ್ಲಿಯೂ ‘ಕಟ್ಟು’ ಎಂಬ ಮಾತು ಬಂದಿತು. ಪರದೆಯ ಮೇಲಿನ ಕಲ್ಲಿಗೆ ಭಾರವಿಲ್ಲ, ಅಂಗೈಯಲ್ಲಿ ಬೊಬ್ಬೆ ಏಳಿಸದು. ಆ ಭಾರ ಎಷ್ಟೆಂಬುದನ್ನು ಮಕ್ಕಳಿಗೆ ತಿಳಿಸುವ ಹೊಣೆ ದೊಡ್ಡವರದು. ತಮ್ಮ ಮನೆಯಲ್ಲಿ ಇಂಥ ಆಟವನ್ನು ಆಡುವ ಮಕ್ಕಳಿದ್ದರೆ, ಅವರು ಏನು ಕಟ್ಟಿದರು, ಅದರಲ್ಲಿ ಯಾರು ವಾಸವಾಗಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. ಅನಂತರ ಒಂದು ಭಾನುವಾರ ಅವರನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ, ಆ ಕಂಬಗಳ ಮೇಲೆ ಅವರ ಅಂಗೈಯನ್ನು ಇಡಿಸಿ. ಬರುವ ದಾರಿಯಲ್ಲಿ, ನಿಂತುಹೋದ ಗಿರಣಿಯಲ್ಲಿ ದುಡಿದ ಹಿರಿಯರು ಯಾರಾದರೂ ಕಟ್ಟೆಯ ಮೇಲೆ ಕುಳಿತಿದ್ದರೆ, ಅವರೊಡನೆ ಎರಡು ಮಾತನಾಡಿಸಿ.