ಹಂಚಿಕೊಂಡ ಕೋಡಿಗೊಂದು ಹೆಸರು



ಕಾಗದದ ಮೇಲೆ ಶೃಂಗೇರಿ ಎಂದು ಬರೆದರೆ ಅಂಚೆಯವರಿಗೆ ಗೊಂದಲವಿಲ್ಲ. ಕೊಪ್ಪ ಎಂದಷ್ಟೇ ಬರೆದರೆ ಕಷ್ಟ. ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪವಿದೆ. ಚಿಕ್ಕಮಗಳೂರು ಜಿಲ್ಲೆ, 577126 ಎಂದು ಸೇರಿಸಲೇಬೇಕು. ಹಿಂದೆ ಎಡೇಹಳ್ಳಿಯಾಗಿದ್ದ ಊರು ಮೈಸೂರಿನ ಯುವರಾಜರ ಹೆಸರು ಹೊತ್ತು ನರಸಿಂಹರಾಜಪುರವಾಯಿತು. ಹೆಸರು ಉದ್ದವಾದರೂ ಗುರುತು ಗಟ್ಟಿಯಾಯಿತು. ಇ-ಮೇಲ್ ತಲುಪಿಸುವ ಮುಕ್ತ ತಂತ್ರಾಂಶಗಳ ಚರಿತ್ರೆಯಲ್ಲೂ ಹೆಸರುಗಳು ಹೀಗೇ ಬೆಳೆದಿವೆ.

ಐಬಿಎಂ ಸಂಶೋಧನಾಲಯದಲ್ಲಿದ್ದ ವೀತ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ 1998ರ ಡಿಸೆಂಬರಿನಲ್ಲಿ ಹೊರಬಂತು. ಅದು ಹಲವು ಸಣ್ಣ ಪ್ರೋಗ್ರಾಮುಗಳ ಕೂಟ. ಎಲ್ಲಕ್ಕೂ ಬೇಕಾಗುವ ಕೋಡನ್ನು ವೆನೆಮಾ ಎರಡು ಪಾಲು ಮಾಡಿದರು. ಟಪಾಲಿನ ಗಂಧವೇ ಇಲ್ಲದ ಚಿಲ್ಲರೆ ಕೆಲಸಗಳು 'ಯುಟಿಲ್' ಫೋಲ್ಡರಿಗೆ, ಟಪಾಲಿನ ವ್ಯವಹಾರ ಬಲ್ಲವು 'ಗ್ಲೋಬಲ್' ಫೋಲ್ಡರಿಗೆ. ಯುಟಿಲ್ ತೆರೆದರೆ 'ಮೈಮ್ಯಾಲಕ್' ಸಿಗುತ್ತದೆ. ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಮಾಮೂಲಿ ಫಂಕ್ಷನ್ 'ಮ್ಯಾಲಕ್'. ಮೆಮೊರಿ ಇಲ್ಲದಿದ್ದರೆ ಅದು ಬರಿಗೈಯಲ್ಲಿ ಮರಳುತ್ತದೆ, ಮುಂದಿನದು ಕರೆದವರ ಪಾಡು. ಮೈಮ್ಯಾಲಕ್ ಹಾಗಲ್ಲ, ದೋಷ ವರದಿ ಮಾಡಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ನಡತೆ ಬೇರೆಯಾದ್ದರಿಂದ ಹೆಸರೂ ಬೇರೆ.

2002ರಲ್ಲಿ ಫಿನ್ಲೆಂಡಿನ ಟಿಮೊ ಸಿರೈನೆನ್ ಅವರ ಇ-ಮೇಲ್ ತಂತ್ರಾಂಶ ಡವ್‌ಕಾಟ್ ಬಂತು. ಅದರಲ್ಲಿ ಇಂಥ ಕೋಡಿನ ಫೋಲ್ಡರಿಗೆ 'ಲಿಬ್' ಎಂದಷ್ಟೇ ಹೆಸರು. ಹಂಚಿಕೊಂಡ ಕೋಡಿನ ಕಟ್ಟುಗಳಾದ ಲೈಬ್ರರಿಗಳ ಹೆಸರು ಲಿಬ್ ಎಂದೇ ಶುರುವಾಗುವುದು ವಾಡಿಕೆ. ಹಾಗಾಗಿ ಇದು 'ಲಿಬ್‌ಲಿಬ್' ಆಯಿತು! ನಗು ಬಂದರೂ ತೊಂದರೆಯಾಗಲಿಲ್ಲ. ಕಂಪೈಲ್ ಆಗುವಾಗಲೇ ಅದು ಪ್ರೋಗ್ರಾಮಿನೊಳಗೆ ಸೇರಿಹೋಗುತ್ತಿತ್ತು, ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಲೈಬ್ರರಿ ಪ್ರತ್ಯೇಕ ಫೈಲಾಗಿ ಕಂಪ್ಯೂಟರಿನಲ್ಲಿ ನೆಲೆಯೂರಿದಾಗ ಮಾತೇ ಬೇರೆ. ಫ್ರೀಬಿಎಸ್‌ಡಿಯಂಥ ವ್ಯವಸ್ಥೆಗಳಲ್ಲಿ 'ಲಿಬ್‌ಯುಟಿಲ್' ಎಂಬುದು ಮೊದಲೇ ಇದೆ, ಅದೇ ಹೆಸರಿನ ಇನ್ನೊಂದು ಬಂದರೆ ಗೊಂದಲ. 2015ರ ಪೋಸ್ಟ್‌ಫಿಕ್ಸ್ 3.0 ಆವೃತ್ತಿಯಲ್ಲಿ ಇಂಥ ಲೈಬ್ರರಿಗಳಿಗೆ ಅವಕಾಶವಾದಾಗ ಅವುಗಳ ಹೆಸರಿಗೆ ಮನೆತನವೂ ಸೇರಿತು: 'ಲಿಬ್‌ಪೋಸ್ಟ್‌ಫಿಕ್ಸ್-ಯುಟಿಲ್'. ಡವ್‌ಕಾಟ್‌ನದು 'ಲಿಬ್‌ಡವ್‌ಕಾಟ್'.

ಒಮ್ಮೆ ರೂಢಿಯಾದ ಹೆಸರನ್ನು ಕೀಳುವುದು ಸುಲಭವಲ್ಲ. ಎರಿಕ್ ಆಲ್ಮನ್ ಅವರ ಇ-ಮೇಲ್ ತಂತ್ರಾಂಶ ಸೆಂಡ್‌ಮೇಲ್ 1980ರ ದಶಕದ್ದು. ಅದಕ್ಕೆ ಬದಲಿಯಾಗಿ ಬಂದ ಪೋಸ್ಟ್‌ಫಿಕ್ಸ್ ಕೂಡ ಇಂದಿಗೂ ಸೆಂಡ್‌ಮೇಲ್ ಎಂಬ ಹೆಸರಿನದೇ ಒಂದು ಕಮಾಂಡ್ ಇಟ್ಟುಕೊಂಡಿದೆ, ಏಕೆಂದರೆ ಇತರ ಪ್ರೋಗ್ರಾಮುಗಳು ಆ ಹೆಸರನ್ನೇ ಹಿಡಿದು ಕರೆಯುತ್ತವೆ.

ನಮ್ಮ ಮಲೆನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕಿವಿಮಾತು. ನಿಮ್ಮ ಪ್ರಾಜೆಕ್ಟಿನ ಒಳಗೆ ಯುಟಿಲ್ ಎಂಬ ಹೆಸರು ಇರಲಿ, ಬೇಡವೆನ್ನುವುದಿಲ್ಲ. ಕೋಡನ್ನು ನಾಲ್ಕು ಜನಕ್ಕೆ ಹಂಚುವ ಮೊದಲು ಮಾತ್ರ ಪ್ರಾಜೆಕ್ಟಿನ ಹೆಸರನ್ನೂ ಅದರ ಮುಂದೆ ಸೇರಿಸಿ. ಹಂಚಿದ ಮೇಲೆ ಆ ಹೆಸರು ನಿಮ್ಮೊಬ್ಬರ ಸ್ವತ್ತಾಗಿ ಉಳಿಯುವುದಿಲ್ಲ.