ತೆನೆಯ ಜೊತೆ ನೆನಪೂ ಇರಲಿ



ಒಂಬತ್ತು ದಿನ ನಮ್ಮ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂವು ಅರ್ಪಿಸಿದರು. ಇಂದು, ಸೆಪ್ಟೆಂಬರ್ 8, ಆ ತಾಯಿ ಹುಟ್ಟಿದ ಹಬ್ಬ. ಕರಾವಳಿಯ ನಮಗೆ ತೆನೆಹಬ್ಬವೂ ಹೌದು. ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ದು, ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತೇವೆ.

ಆದರೆ ಈ ವರ್ಷ ನಮ್ಮಲ್ಲಿ ಕೆಲವರ ಮನೆಯಲ್ಲಿ ಸಾವಾಗಿದೆ, ಕೆಲವರಿಗೆ ಸಾಲ, ಕೆಲವರಿಗೆ ಕಾಯಿಲೆ. ಏನೆಂದು ದೇವರನ್ನು ಸ್ತುತಿಸುವುದು ಎಂದು ನಾವೂ ಕೇಳಿದ್ದೇವೆ.

ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ನೋಡೋಣ. ಪ್ರಥಮ ಫಲದ ಬುಟ್ಟಿ ತಂದವನು ಬೆಳೆ ಎಷ್ಟೆಂದು ಹೇಳುವುದಿಲ್ಲ. ಪೂರ್ವಜರ ಅಲೆದಾಟ, ಈಜಿಪ್ಟಿನ ದಾಸ್ಯ, ದೇವರು ಆಲಿಸಿದ ಗೋಳು ಇವುಗಳನ್ನು ಹೇಳುತ್ತಾನೆ. ಸ್ತುತಿಯೆಂದರೆ ಕಷ್ಟವನ್ನು ಮರೆಯುವುದಲ್ಲ. ಕಷ್ಟದಲ್ಲಿ ಕೈಬಿಡದ ದೇವರನ್ನು ನೆನೆಯುವುದು.

ಎಲಿಜಬೇತಮ್ಮನವರ ಮನೆಯಲ್ಲಿ ಮರಿಯಮ್ಮನವರು ದೇವರನ್ನು ಕೊಂಡಾಡಿದಾಗ ಶಿಲುಬೆಯ ದಾರಿ ಇನ್ನೂ ಮುಂದಿತ್ತು. ಅಬ್ರಹಾಮನಿಗೆ ಕೊಟ್ಟ ಮಾತನ್ನು ದೇವರು ಮರೆತಿಲ್ಲ ಎಂಬ ನೆನಪೇ ಅವರಿಗೆ ಸಾಕಾಗಿತ್ತು. ಯೇಸುಸ್ವಾಮಿಯೂ ಶತ್ರುಗಳ ಕೈಗೆ ಸಿಕ್ಕ ರಾತ್ರಿಯಲ್ಲೇ ರೊಟ್ಟಿಯನ್ನು ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದರು. ಪ್ರತಿ ಬಲಿಪೂಜೆಯಲ್ಲಿ ನಾವು ಸ್ಮರಿಸುವುದು ಇದನ್ನೇ.

ಇಂದು ಹೊಸಕ್ಕಿ ಊಟಕ್ಕೆ ಮುಂಚೆ, ಮನೆಯ ಹಿರಿಯರು ಒಂದು ಕಷ್ಟದ ದಿನವನ್ನು ಮಕ್ಕಳಿಗೆ ಹೇಳಲಿ. ಅಂದು ದೇವರು ಯಾರ ಮೂಲಕ ನೆರವಾದರು ಎಂಬುದನ್ನೂ ಹೇಳಲಿ. ದೂರದ ಊರಿನಲ್ಲಿರುವ ಮಕ್ಕಳಿಗೆ ಕಾಳು ಕಳುಹಿಸುವಾಗ ಆ ನೆನಪನ್ನೂ ಬರೆದು ಕಳುಹಿಸೋಣ. ಈ ವರ್ಷ ದುಃಖದಲ್ಲಿರುವ ನೆರೆಮನೆಯವರನ್ನು ನಮ್ಮ ಊಟಕ್ಕೆ ಕರೆಯೋಣ. ಅವರ ಪಾಲಿಗೆ ನಾವೇ ದೇವರ ಉಪಕಾರವಾಗೋಣ.

ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.